ದೇವರಿಗೆ ಒಪ್ಪಿಸಿಕೊಡುವುದು ಎಂದರೆ ಏನು ಮಾಡುವುದು?

ಆ ರಾತ್ರಿ ಯಾಕೋಬನು ತನ್ನ ಬಳಿ ಇದ್ದದ್ದನ್ನೆಲ್ಲ ತನಗಿಂತ ಮುಂದೆ ಕಳುಹಿಸಿದ್ದ. ಮೊದಲು ಮೇಕೆಗಳ ಹಿಂಡು, ಸ್ವಲ್ಪ ಅಂತರ ಬಿಟ್ಟು ಕುರಿಗಳ ಹಿಂಡು, ಆಮೇಲೆ ಮರಿಗಳೊಂದಿಗೆ ಹಾಲು ಕರೆಯುವ ಒಂಟೆಗಳು, ಹಸುಗಳು, ಹೋರಿಗಳು, ಕತ್ತೆಗಳು. ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ 32ನೆಯ ಅಧ್ಯಾಯ ಇದರ ಲೆಕ್ಕವನ್ನೇ ಬರೆದಿಟ್ಟಿದೆ; ಒಂಟೆಮರಿಗಳನ್ನು ಬಿಟ್ಟು ಕೂಡಿದರೆ 550. ಬಹಳ ವರ್ಷಗಳ ಹಿಂದೆ ತಾನು ಮೋಸ ಮಾಡಿ ಓಡಿಬಂದಿದ್ದ ಅಣ್ಣ ಏಸಾವನು 400 ಜನರನ್ನು ಕಟ್ಟಿಕೊಂಡು ಎದುರು ಬರುತ್ತಿದ್ದಾನೆ ಎಂಬ ಸುದ್ದಿ ಕಿವಿಗೆ ಬಿದ್ದಿತ್ತು. ಒಂದು ಹಿಂಡಿಗೆ ಅಣ್ಣನ ಕೋಪ ಇಳಿಯದಿದ್ದರೆ ಮುಂದಿನ ಹಿಂಡಿಗೆ ಇಳಿದೀತು ಎಂಬ ಎಣಿಕೆ. ಕಡೆಗೆ ಹೆಂಡಿರು ಮಕ್ಕಳನ್ನೂ ಯಬ್ಬೋಕ್ ಹೊಳೆ ದಾಟಿಸಿದ. ಈಚೆ ದಡದಲ್ಲಿ ಉಳಿದವನು ಅವನೊಬ್ಬನೇ.

ದೇವರಿಗೆ ನಮ್ಮನ್ನು ಒಪ್ಪಿಸಿಕೊಡುವ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ದೃಶ್ಯ. ನಾವು ಕೊಡುವ ರೀತಿಯೂ ಹೀಗೆಯೇ ಇರುತ್ತದೆ. ಸಮಯ ಕೊಡುತ್ತೇವೆ, ಕಾಣಿಕೆ ಕೊಡುತ್ತೇವೆ, ಉಪವಾಸವಿರುತ್ತೇವೆ, ಹಾಡುವ ಕಂಠವನ್ನೋ ಕಲಿಸುವ ಶಕ್ತಿಯನ್ನೋ ಸಭೆಗೆ ಮೀಸಲಿಡುತ್ತೇವೆ. ಹಿಂಡಿನ ಹಿಂದೆ ಹಿಂಡು ಹೊಳೆ ದಾಟುತ್ತದೆ. ಕೊಡುವವನು ಮಾತ್ರ ಈಚೆ ದಡದಲ್ಲೇ ನಿಂತಿರುತ್ತಾನೆ.

ಒಮ್ಮೆ ಆರಾಧನೆ ಮುಗಿದ ಮೇಲೆ ಒಬ್ಬ ಹುಡುಗಿ ನನ್ನ ಬಳಿ ಬಂದು ಕೇಳಿದಳು: “ಎಲ್ಲರೂ ಒಪ್ಪಿಸಿಕೊಡು ಎನ್ನುತ್ತಾರೆ. ನಾನು ಮೊಣಕಾಲೂರಿ ಅತ್ತಿದ್ದೇನೆ, ಕೈಯೆತ್ತಿದ್ದೇನೆ. ಆದರೆ ಸೋಮವಾರ ಬೆಳಿಗ್ಗೆ ಎದ್ದರೆ ನಾನು ಅದೇ ನಾನು. ಹಾಗಾದರೆ ನಾನು ನಿಜವಾಗಿ ಏನು ಮಾಡಬೇಕಿತ್ತು?” ಅವಳ ಪ್ರಶ್ನೆ ಪ್ರಾಮಾಣಿಕವಾಗಿತ್ತು. ಆ ದಿನ ನಾನು ಕೊಟ್ಟ ಉತ್ತರ ಸಾಲದಾಗಿತ್ತು. ಈ ಬರಹ ಅವಳಿಗೆ ಕೊಡಬೇಕಾಗಿದ್ದ ಉತ್ತರ.

ಮೊದಲು ಪದವನ್ನೇ ನೋಡೋಣ. ಶರಣಾಗತಿ ಎಂದೊಡನೆ ಯುದ್ಧದಲ್ಲಿ ಸೋತವನು ಆಯುಧ ಕೆಳಗಿಟ್ಟು ಕೈ ಮೇಲೆತ್ತಿದ ಚಿತ್ರ ಕೆಲವರ ಕಣ್ಣಿಗೆ ಬರುತ್ತದೆ. ಆ ಚಿತ್ರದಲ್ಲಿ ಭಯವಿದೆ, ಬೇರೆ ದಾರಿಯಿಲ್ಲದ ಅಸಹಾಯಕತೆ ಇದೆ. ಕನ್ನಡ ಕ್ರೈಸ್ತರು ಹೆಚ್ಚಾಗಿ ಬಳಸುವ ‘ಒಪ್ಪಿಸಿಕೊಡು’ ಎಂಬ ಮಾತು ಇನ್ನೊಂದು ದಿಕ್ಕಿಗೆ ಕರೆದೊಯ್ಯುತ್ತದೆ. ಒಪ್ಪಿಸುವುದರ ಒಳಗೆ ಒಪ್ಪುವುದು ಇದೆ. ಕಿತ್ತುಕೊಂಡದ್ದನ್ನು ಯಾರೂ ಒಪ್ಪಿಸಿದ್ದು ಎನ್ನುವುದಿಲ್ಲ. ನನಗೆ ಈ ಪದದ ಮೇಲೆ ಬಹಳ ಪ್ರೀತಿ, ಏಕೆಂದರೆ ವಿಷಯದ ಅರ್ಧ ಭಾಗವನ್ನು ಅದೇ ಹೇಳಿಬಿಡುತ್ತದೆ.

ಸತ್ಯವೇದದ, ಅಂದರೆ ಬೈಬಲಿನ, ಮೂಲ ಭಾಷೆಗಳಲ್ಲಿ ಇದಕ್ಕೆ ಒಂದೇ ಪದವಿಲ್ಲ, ಹಲವು ಚಿತ್ರಗಳಿವೆ. ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರದ 6 ಮತ್ತು 12ನೆಯ ಅಧ್ಯಾಯಗಳಲ್ಲಿ ಬಳಸಿದ ಗ್ರೀಕ್ ಕ್ರಿಯಾಪದಕ್ಕೆ ಹತ್ತಿರ ತಂದು ನಿಲ್ಲಿಸುವುದು, ಒಬ್ಬರ ಮುಂದೆ ಹಾಜರುಪಡಿಸುವುದು ಎಂಬ ಅರ್ಥವಿದೆ. ‘ದೇವರಿಗೆ ಅಧೀನರಾಗಿರಿ’ ಎಂದು ಹೊಸ ಒಡಂಬಡಿಕೆಯಲ್ಲಿರುವ ಇನ್ನೊಬ್ಬ ಯಾಕೋಬನ ಪತ್ರದ 4ನೆಯ ಅಧ್ಯಾಯ ಹೇಳುವಾಗ ಬರುವ ಪದ ಬೇರೆ. ಒಬ್ಬರ ಕೈಕೆಳಗೆ ನಮಗಿರುವ ಸ್ಥಾನದಲ್ಲಿ ನಿಲ್ಲುವುದು ಎಂಬುದು ಅದರ ತಿರುಳು. 37ನೆಯ ಕೀರ್ತನೆಯ 5ನೆಯ ವಚನದಲ್ಲಿ, ನಿನ್ನ ಮಾರ್ಗವನ್ನು ಯೆಹೋವನಿಗೆ ವಹಿಸಿಬಿಡು ಎನ್ನುವಲ್ಲಿ, ಇಬ್ರಿಯ ಭಾಷೆಯ ಪದದ ಮೂಲಾರ್ಥ ‘ಉರುಳಿಸು’. ಹೊರಲಾರದ ಭಾರವನ್ನು ಮೈಮೇಲಿಂದ ಉರುಳಿಸಿ ಇನ್ನೊಬ್ಬರ ಮೇಲೆ ಹಾಕುವುದು. ಎದುರು ಬಂದು ನಿಲ್ಲುವುದು, ಕೈಕೆಳಗೆ ನಿಲ್ಲುವುದು, ಭಾರ ಉರುಳಿಸುವುದು. ಮೂರರಲ್ಲೂ ಮನುಷ್ಯನು ಏನನ್ನೋ ಮಾಡುತ್ತಿದ್ದಾನೆ ಎಂಬುದನ್ನು ಗಮನಿಸಬೇಕು.

ಈಗ ರೋಮಾಪುರದವರಿಗೆ 12:1ಕ್ಕೆ ಬರೋಣ. ಒಪ್ಪಿಸಿಕೊಡುವುದರ ಬಗ್ಗೆ ಪ್ರಸಂಗ ಮಾಡುವವರು ಬಹುಮಟ್ಟಿಗೆ ಇಲ್ಲಿಂದಲೇ ಹೊರಡುತ್ತಾರೆ. ನಿಮ್ಮ ದೇಹಗಳನ್ನು ದೇವರಿಗೆ ಸಜೀವ ಯಜ್ಞವಾಗಿ ಸಮರ್ಪಿಸಿರಿ ಎಂದು ಪೌಲನು ಬೇಡಿಕೊಳ್ಳುತ್ತಾನೆ. ಯೆಹೂದ್ಯ ಓದುಗನಿಗೆ ಇದು ಯಜ್ಞಗಳ ನಿಯಮಗಳಿರುವ ಯಾಜಕಕಾಂಡವನ್ನು ನೆನಪಿಸುತ್ತದೆ. ಸಮಾಧಾನಯಜ್ಞದಲ್ಲಿ ಅರ್ಪಿಸಿದವನಿಗೂ ತಿನ್ನಲು ಒಂದು ಪಾಲು ಮರಳುತ್ತಿತ್ತು. ಸರ್ವಾಂಗಹೋಮದಲ್ಲಿ ಹಾಗಿರಲಿಲ್ಲ. ಚರ್ಮವೊಂದು ಯಾಜಕನಿಗೆ ಸೇರುತ್ತಿತ್ತು, ಉಳಿದದ್ದೆಲ್ಲ ಬೆಂಕಿಗೆ. ತಂದವನು ಬರಿಗೈಯಲ್ಲಿ ಮನೆಗೆ ಹೋಗುತ್ತಿದ್ದ. ಪೌಲನು ಯಜ್ಞದ ಮಾತನ್ನು ಎತ್ತಿಕೊಂಡು ಅದಕ್ಕೆ ‘ಸಜೀವ’ ಎಂಬ ಪದವನ್ನು ಸೇರಿಸುತ್ತಾನೆ. ಬಲಿಪೀಠದ ಪ್ರಾಣಿಗೆ ನಾಳೆಯಿಲ್ಲ, ಆದ್ದರಿಂದ ಅದರ ಸಮರ್ಪಣೆ ಅಂದೇ ಮುಗಿಯಿತು. ಜೀವಂತವಾಗಿ ಸಮರ್ಪಿಸಿಕೊಂಡವನಿಗೆ ನಾಳೆಯೂ ಇದೆ, ಮರುದಿನವೂ ಇದೆ, ಆ ಹುಡುಗಿ ಹೇಳಿದ ಸೋಮವಾರ ಬೆಳಿಗ್ಗೆಯೂ ಇದೆ.

ಆ ವಚನದ ಮೊದಲ ಪದವನ್ನು ನಾವು ಹಾರಿಸಿ ಓದುತ್ತೇವೆ. ‘ಆದ್ದರಿಂದ’ ಎಂದು ಅದು ಶುರುವಾಗುತ್ತದೆ. ಹನ್ನೊಂದು ಅಧ್ಯಾಯಗಳುದ್ದಕ್ಕೂ ಪೌಲನು ಪಾಪ, ಕೃಪೆ, ನಂಬಿಕೆಯಿಂದ ದೊರಕುವ ನೀತಿ, ಇಸ್ರಾಯೇಲರ ಮೇಲೆ ದೇವರಿಗಿರುವ ಬಿಡದ ಪ್ರೀತಿ ಇವನ್ನೆಲ್ಲ ವಿವರಿಸಿದ್ದಾನೆ. ಆ ಮೇಲೆಯೇ, ದೇವರ ಕನಿಕರವನ್ನು ಮುಂದಿಟ್ಟುಕೊಂಡು, ‘ಆದ್ದರಿಂದ ಸಮರ್ಪಿಸಿಕೊಳ್ಳಿರಿ’ ಎನ್ನುತ್ತಾನೆ. ಕ್ರೈಸ್ತ ನಂಬಿಕೆಯಲ್ಲಿ ಒಪ್ಪಿಸಿಕೊಡುವುದು ರಕ್ಷಣೆಗೆ ಕೊಡುವ ಬೆಲೆಯಲ್ಲ, ದೊರೆತ ರಕ್ಷಣೆಗೆ ಹೃದಯ ಕೊಡುವ ಉತ್ತರ. ಇದು ತಲೆಕೆಳಗಾದರೆ ಎಲ್ಲವೂ ತಲೆಕೆಳಗಾಗುತ್ತದೆ. ‘ನಾನು ಸಾಕಷ್ಟು ಒಪ್ಪಿಸಿಕೊಟ್ಟಿಲ್ಲ, ಅದಕ್ಕೇ ದೇವರು ನನ್ನನ್ನು ಕೇಳುತ್ತಿಲ್ಲ’ ಎಂದು ಕೊರಗುವವರನ್ನು ನಾನು ಬಹಳ ಕಂಡಿದ್ದೇನೆ. ಅವರಿಗೆ ಹೇಳಬೇಕಾದದ್ದು ಇನ್ನಷ್ಟು ಕೊಡಿ ಎಂದಲ್ಲ, ಮೊದಲ ಹನ್ನೊಂದು ಅಧ್ಯಾಯಗಳನ್ನು ಮತ್ತೊಮ್ಮೆ ನಿಧಾನವಾಗಿ ಓದಿ ಎಂದು.

ಬೇಡಿಕೆಯೂ ಸಮರ್ಪಣೆಯ ಭಾಗ

ಒಪ್ಪಿಸಿಕೊಟ್ಟವನಿಗೆ ಸ್ವಂತ ಇಚ್ಛೆಯೇ ಇರಬಾರದು ಎಂಬುದು ತುಂಬ ಆಳಕ್ಕೆ ಬೇರು ಬಿಟ್ಟಿರುವ ತಪ್ಪು ತಿಳುವಳಿಕೆ. ಇದನ್ನು ಬಿಡಿಸಲು ಗೆತ್ಸೇಮನೆಗೇ ಹೋಗಬೇಕು.

ಗೆತ್ಸೇಮನೆ ಎಂದರೆ ಎಣ್ಣೆಯ ಗಾಣ. ಎಣ್ಣೆಮರಗಳ ಗುಡ್ಡದ ಬುಡದಲ್ಲಿದ್ದ ಆ ತೋಟದಲ್ಲಿ, ತನ್ನನ್ನು ಹಿಡಿದೊಯ್ಯುವ ಮುನ್ನ, ಯೇಸು ಮೂರು ಸಲ ಪ್ರಾರ್ಥಿಸಿದನೆಂದು ಮತ್ತಾಯನು ಬರೆಯುತ್ತಾನೆ. ಪ್ರಾಣಹೋಗುವಷ್ಟು ದುಃಖವಾಗಿದೆ ಎಂದು ಶಿಷ್ಯರಿಗೆ ಹೇಳಿ, ಸ್ವಲ್ಪ ಮುಂದೆ ಹೋಗಿ, ನೆಲದ ಮೇಲೆ ಬೋರಲು ಬಿದ್ದು ಆತನು ಮೊದಲು ಕೇಳಿದ್ದು ಇದು: ಸಾಧ್ಯವಾದರೆ ಈ ಪಾತ್ರೆ, ಅಂದರೆ ಮುಂದಿರುವ ಸಂಕಟ, ನನ್ನನ್ನು ಬಿಟ್ಟು ಹೋಗಲಿ. ಆ ಮೇಲೆ: ಆದರೂ ನನ್ನ ಚಿತ್ತದಂತಲ್ಲ, ನಿನ್ನ ಚಿತ್ತದಂತೆಯೇ ಆಗಲಿ. ನಾವು ಎರಡನೆಯ ಮಾತನ್ನು ಮಾತ್ರ ಕಂಠಪಾಠ ಮಾಡಿಕೊಂಡಿದ್ದೇವೆ. ಮೊದಲ ಮಾತು ದೌರ್ಬಲ್ಯ, ಎರಡನೆಯದು ಸಮರ್ಪಣೆ ಎಂಬಂತೆ ಓದುತ್ತೇವೆ. ಆದರೆ ‘ನನ್ನ ಚಿತ್ತ’ ಏನೆಂದು ತಂದೆಯ ಮುಂದೆ ಬಾಯಿಬಿಟ್ಟು ಹೇಳಿದ ಮೇಲೆಯೇ ಅದನ್ನು ಆತನ ಕೈಗೆ ಇಡಲು ಸಾಧ್ಯವಾದದ್ದು. ಇಲ್ಲದ ಇಚ್ಛೆಯನ್ನು ಒಪ್ಪಿಸುವುದು ಹೇಗೆ? ಮುಚ್ಚಿಟ್ಟ ಇಚ್ಛೆಯನ್ನು ಒಪ್ಪಿಸುವುದು ಹೇಗೆ?

ಎರಡನೆಯ ಸಲದ ಪ್ರಾರ್ಥನೆಯಲ್ಲಿ ಮಾತು ಸ್ವಲ್ಪ ಬದಲಾಗಿದೆ. ನಾನು ಕುಡಿಯದ ಹೊರತು ಇದು ಬಿಟ್ಟು ಹೋಗುವಂತಿಲ್ಲವಾದರೆ ನಿನ್ನ ಚಿತ್ತವೇ ಆಗಲಿ ಎನ್ನುತ್ತಾನೆ. ಮೊದಲ ಪ್ರಾರ್ಥನೆಗೂ ಇದಕ್ಕೂ ನಡುವೆ ಒಂದು ಹೆಜ್ಜೆಯ ಅಂತರ ಕಾಣುತ್ತದೆ. ದೇವಕುಮಾರನೇ ಒಂದೇ ಉಸಿರಿನಲ್ಲಿ ಇದನ್ನು ಮುಗಿಸಲಿಲ್ಲ. ಇನ್ನೊಂದು ಸಂಗತಿಯನ್ನು ಕಂಡುಕೊಂಡ ದಿನ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕುಳಿತೆ: ಮತ್ತಾಯನ ಗ್ರೀಕ್ ಮೂಲದಲ್ಲಿ ಇಲ್ಲಿನ ‘ನಿನ್ನ ಚಿತ್ತವೇ ಆಗಲಿ’ ಎಂಬ ಮಾತು, 6ನೆಯ ಅಧ್ಯಾಯದಲ್ಲಿ ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ ಇರುವ ಮಾತೇ, ಅಕ್ಷರ ಬದಲಿಲ್ಲ. ಬೆಟ್ಟದ ಮೇಲೆ ಕುಳಿತು ಕಲಿಸಿದ್ದನ್ನು ಆತನು ತೋಟದಲ್ಲಿ ಬೋರಲು ಬಿದ್ದು ಪ್ರಾರ್ಥಿಸಿದ. ನಾವು ಪ್ರತಿ ಭಾನುವಾರ ಒಟ್ಟಾಗಿ ಹೇಳಿ ಮುಗಿಸುವ ಸಾಲು ಅದು.

ನನ್ನ ತಾಯಿಯ ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ನಾನು ಅವರ ಹಾಸಿಗೆಯ ಪಕ್ಕ ನಿಂತು ಪ್ರಾರ್ಥನೆ ಮಾಡಿದೆ. ಸಭೆಯಲ್ಲಿ ಕಲಿತ ಭಾಷೆಯಲ್ಲಿ, ಕರ್ತನೇ, ನಿನ್ನ ಚಿತ್ತವೇ ನೆರವೇರಲಿ, ನಾವು ಎಲ್ಲವನ್ನೂ ನಿನಗೆ ಒಪ್ಪಿಸಿದ್ದೇವೆ ಎಂದೆಲ್ಲ ಹೇಳಿದೆ. ಆಮೆನ್ ಎಂದು ಕಣ್ಣು ತೆರೆದಾಗ ಅವರು ನನ್ನ ಕೈಯನ್ನು ನೋಡುತ್ತಿದ್ದರು. ಹಾಸಿಗೆಯ ಕಬ್ಬಿಣದ ಸರಳನ್ನು ನಾನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಗೆಣ್ಣುಗಳು ಬೆಳ್ಳಗಾಗಿದ್ದವು. ಅವರು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತ ಹೇಳಿದರು: “ಮೊದಲು ನಿನಗೇನು ಬೇಕೋ ಅದನ್ನು ಕೇಳಪ್ಪ. ಬೇಡದವನ ಹಾಗೆ ದೇವರ ಮುಂದೆ ನಟಿಸಬೇಡ.” ಆಗ ನಾನು ಎರಡನೆಯ ಸಲ ಪ್ರಾರ್ಥಿಸಿದೆ. ಅದರಲ್ಲಿ ಅಲಂಕಾರದ ಮಾತು ಒಂದೂ ಇರಲಿಲ್ಲ. ಅಮ್ಮನನ್ನು ಕರೆದುಕೊಳ್ಳಬೇಡ, ನನಗೆ ಭಯವಾಗುತ್ತಿದೆ ಎಂದೆ. ಅದಾದ ಮೇಲೆ ‘ನಿನ್ನ ಚಿತ್ತ’ ಎನ್ನುವಾಗ ಗಂಟಲು ಕಟ್ಟಿತು. ಮೊದಲ ಪ್ರಾರ್ಥನೆಯಲ್ಲಿ ಅದೇ ಮಾತು ಎಷ್ಟು ಸಲೀಸಾಗಿ ಬಂದಿತ್ತು! ಶಸ್ತ್ರಚಿಕಿತ್ಸೆ ಏನಾಯಿತೆಂದು ಇಲ್ಲಿ ಬರೆಯುವುದಿಲ್ಲ. ಫಲ ಒಳ್ಳೆಯದಾದರೆ ಮಾತ್ರ ಸಮರ್ಪಣೆ ನಿಜವಾಗಿತ್ತು ಎಂದು ಯಾರೂ ಅಂದುಕೊಳ್ಳಬಾರದು. ಶರೀರದಲ್ಲಿ ನಾಟಿದ್ದ ಶೂಲವನ್ನು ತೆಗೆದುಹಾಕೆಂದು ಪೌಲನೂ ಮೂರು ಸಲ ಬೇಡಿಕೊಂಡ. ಶೂಲ ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು.

ಸುಮ್ಮನಿರುವುದಕ್ಕೆ ಈ ಹೆಸರಿಲ್ಲ

ಇಚ್ಛೆಯನ್ನು ಪೂರ್ತಿ ಅಳಿಸಿಬಿಡಬೇಕು, ಮನುಷ್ಯ ಏನನ್ನೂ ಬಯಸದೆ, ಏನನ್ನೂ ಮಾಡದೆ ದೇವರೊಳಗೆ ನಿಶ್ಚಲನಾಗಬೇಕು ಎಂಬ ಬೋಧನೆ ಕ್ರೈಸ್ತ ಇತಿಹಾಸದಲ್ಲೂ ತಲೆಯೆತ್ತಿದೆ. 17ನೆಯ ಶತಮಾನದಲ್ಲಿ ರೋಮ್ ನಗರದಲ್ಲಿದ್ದ ಸ್ಪೇನ್ ದೇಶದ ಪಾದ್ರಿ ಮಿಗೆಲ್ ದೆ ಮೊಲಿನೋಸ್ ಇದರ ಹೆಸರಾಂತ ಬೋಧಕ. ಆತನವೆಂದು ಹೇಳಲಾದ 68 ವಾಕ್ಯಗಳನ್ನು 1687ರಲ್ಲಿ ಪೋಪ್ ಹನ್ನೊಂದನೆಯ ಇನ್ನೊಸೆಂಟ್ ಖಂಡಿಸಿದರು. ಆ ವಿಚಾರಣೆಯ ಹಿಂದಿದ್ದ ರಾಜಕೀಯ ಏನೇ ಇರಲಿ, ಅಪಾಯ ಮಾತ್ರ ನಿಜವಾದದ್ದು. ಏನನ್ನೂ ಬಯಸದ ಆತ್ಮ ಪ್ರಲೋಭನೆಯನ್ನು ಎದುರಿಸುವುದನ್ನೂ ಬಿಡುತ್ತದೆ, ನೆರೆಯವನ ಅಳುವನ್ನು ಕೇಳುವುದನ್ನೂ ಬಿಡುತ್ತದೆ.

ಗೆತ್ಸೇಮನೆಯ ಪ್ರಾರ್ಥನೆ ಮುಗಿದ ತಕ್ಷಣ ಯೇಸು ಹೇಳಿದ್ದು “ಏಳಿರಿ, ಹೋಗೋಣ” ಎಂದು. ಹಿಡಿದುಕೊಡುವವನು ಬರುತ್ತಿದ್ದ ದಿಕ್ಕಿಗೆ ಆತನೇ ನಡೆದ. ಯಾಕೋಬನ ಪತ್ರವೂ ದೇವರಿಗೆ ಅಧೀನರಾಗಿರಿ ಎಂದ ಅದೇ ವಚನದಲ್ಲಿ ಸೈತಾನನನ್ನು ಎದುರಿಸಿರಿ ಎನ್ನುತ್ತದೆ. ಕೆಲಸ ಕಳೆದುಕೊಂಡವನು ‘ದೇವರಿಗೆ ಒಪ್ಪಿಸಿದ್ದೇನೆ’ ಎಂದು ಮನೆಯಲ್ಲಿ ಕುಳಿತರೆ ಅವನು ಒಪ್ಪಿಸಿದ್ದು ಏನನ್ನು? ಅರ್ಜಿ ಬರೆಯುವುದು, ಬಾಗಿಲು ತಟ್ಟುವುದು, ತಿರಸ್ಕಾರ ಬಂದಾಗ ಕಹಿಯಾಗದೆ ಮತ್ತೆ ಎದ್ದು ಹೊರಡುವುದು ಅವನ ಪಾಲಿನದು. ಯಾವ ಬಾಗಿಲು ತೆರೆಯಬೇಕು, ಯಾವಾಗ ತೆರೆಯಬೇಕು ಎಂಬ ಹಟವನ್ನು ಅವನು ಕೈಬಿಡುತ್ತಾನೆ.

ಇಲ್ಲಿ ಇನ್ನೊಂದು ಮಾತನ್ನು ಖಂಡಿತವಾಗಿ ಹೇಳಲೇಬೇಕು. ದೇವರಿಗೆ ಒಪ್ಪಿಸಿಕೊಡುವುದು ಮನುಷ್ಯರ ದಬ್ಬಾಳಿಕೆಗೆ ತಲೆಬಾಗುವುದಲ್ಲ. ಹೊಡೆಯುವ ಗಂಡನನ್ನು ಸಹಿಸಿಕೋ, ಅದೇ ನಿನ್ನ ಶಿಲುಬೆ ಎಂದು ಒಬ್ಬ ಹೆಂಗಸಿಗೆ ಹೇಳುವುದು ದೇವರ ಹೆಸರಿನಲ್ಲಿ ಮಾಡುವ ಕ್ರೌರ್ಯ. ಬೋಧಕನೊಬ್ಬ ‘ನನ್ನ ಮಾತಿಗೆ ಅಧೀನನಾಗದವನು ದೇವರಿಗೂ ಅಧೀನನಲ್ಲ’ ಎಂದರೆ, ಆತನು ತನ್ನದಲ್ಲದ ಸಿಂಹಾಸನದ ಮೇಲೆ ಕುಳಿತಿದ್ದಾನೆ. ಅಪೊಸ್ತಲರ ಕೃತ್ಯಗಳ 5ನೆಯ ಅಧ್ಯಾಯದಲ್ಲಿ ಪೇತ್ರನೂ ಉಳಿದ ಅಪೊಸ್ತಲರೂ ಯೆಹೂದ್ಯರ ಹಿರೀಸಭೆಯ ಮುಂದೆ ನಿಂತು, ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕಲ್ಲವೇ ಎಂದರು. ದೇವರಿಗೆ ಪೂರ್ತಿಯಾಗಿ ತನ್ನನ್ನು ಕೊಟ್ಟವನನ್ನು ಬೇರೆ ಯಾರೂ ಪೂರ್ತಿಯಾಗಿ ತಮ್ಮವನನ್ನಾಗಿ ಮಾಡಿಕೊಳ್ಳಲಾರರು. ಕ್ರೈಸ್ತ ಬೋಧನೆಯನ್ನು ಪ್ರಶ್ನೆ ಉತ್ತರಗಳಲ್ಲಿ ಕಲಿಸುವ 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರದ ಮೊದಲ ಪ್ರಶ್ನೆ ಬದುಕಿನಲ್ಲೂ ಮರಣದಲ್ಲೂ ನಿನಗಿರುವ ಒಂದೇ ಸಾಂತ್ವನ ಯಾವುದು ಎಂಬುದು. ಅದರ ಉತ್ತರ, ನಾನು ನನ್ನ ಸ್ವಂತದವನಲ್ಲ, ನನ್ನ ನಂಬಿಗಸ್ತ ರಕ್ಷಕನಾದ ಯೇಸು ಕ್ರಿಸ್ತನವನು ಎಂದು ಆರಂಭವಾಗುತ್ತದೆ. ಅದನ್ನು ಬರೆದವರು ಇದನ್ನು ಕರೆದದ್ದು ಸಾಂತ್ವನ ಎಂದು. ಇಂಥವನ ಕೈಗೆ ಎಂದು ತಿಳಿದಿರುವುದರಿಂದಲೇ ಅದು ಸಾಂತ್ವನ. ಒಪ್ಪಿಸಿಕೊಡುವುದು ಕಣ್ಣುಮುಚ್ಚಿ ಶೂನ್ಯಕ್ಕೆ ಹಾರುವುದಲ್ಲ, ಗುರುತಿರುವ ಕೈಯನ್ನು ಹಿಡಿಯುವುದು. ಆ ಕೈಗಳಲ್ಲಿ ಮೊಳೆಯ ಗಾಯಗಳಿವೆ ಎಂಬುದೇ ಕ್ರೈಸ್ತನ ಧೈರ್ಯ.

ಹೊಳೆಯ ಆಚೆ

ಮತ್ತೆ ಯಾಕೋಬನ ಬಳಿಗೆ ಹೋಗೋಣ. ಮೊದಲು ಮನೆ ಬಿಟ್ಟು ಓಡುವಾಗ ಬೇತೇಲಿನಲ್ಲಿ ಅವನು ದೇವರೊಂದಿಗೆ ಮಾಡಿದ ಹರಕೆ ಆದಿಕಾಂಡ 28ರಲ್ಲಿದೆ: ದೇವರು ನನ್ನ ಸಂಗಡ ಇದ್ದು, ಕಾಪಾಡಿ, ಉಣ್ಣಲು ಉಡಲು ಕೊಟ್ಟು, ಸುಖವಾಗಿ ತಂದೆಯ ಮನೆಗೆ ತಿರುಗಿ ತಲುಪಿಸಿದರೆ ಆತನೇ ನನಗೆ ದೇವರು, ಆತನು ಕೊಟ್ಟದ್ದರಲ್ಲಿ ಹತ್ತರಲ್ಲೊಂದು ಪಾಲು ಆತನಿಗೆ. ಕರಾರು ಎಷ್ಟು ಸ್ಪಷ್ಟ! ನಮ್ಮ ಬಹಳಷ್ಟು ಸಮರ್ಪಣೆ ಈ ಹಂತದಲ್ಲೇ ಇರುತ್ತದೆ, ಮತ್ತು ದೇವರು ಅದನ್ನು ತಿರಸ್ಕರಿಸಲಿಲ್ಲ ಎಂಬುದು ನನಗೆ ದೊಡ್ಡ ಸಮಾಧಾನ. ಮಾವ ಲಾಬಾನನ ಬಳಿ ಇಪ್ಪತ್ತು ವರ್ಷ ದುಡಿದ ಮೇಲೆ ಯಬ್ಬೋಕ್ ಹೊಳೆಯ ದಡದಲ್ಲಿ ಆ ದೇವರೇ ಅವನನ್ನು ಹಿಡಿದ. ಬೆಳಗಾಗುವವರೆಗೂ ಹೋರಾಟ. ತೊಡೆಯ ಕೀಲು ತಪ್ಪಿತು. ಇನ್ನು ಹೋರಾಡಲು ಶಕ್ತಿಯಿಲ್ಲದವನು ತಬ್ಬಿಕೊಂಡ ಕೈ ಮಾತ್ರ ಬಿಡಲಿಲ್ಲ. ಅತ್ತು ಬೇಡಿಕೊಂಡನೆಂದು ಪ್ರವಾದಿ ಹೋಶೇಯನು ಹೇಳುತ್ತಾನೆ. ನಿನ್ನ ಹೆಸರೇನು ಎಂಬ ಪ್ರಶ್ನೆ ಬಂತು. ಹಿಂದೊಮ್ಮೆ ಕುರುಡ ತಂದೆ ನೀನು ಯಾರು ಎಂದಾಗ ‘ಏಸಾವನು’ ಎಂದಿದ್ದ ಬಾಯಿ ಈಗ ‘ಯಾಕೋಬ’ ಎಂದಿತು. ನಿಜ ಹೆಸರನ್ನು ಹೇಳಿದ ಆ ಕ್ಷಣವೇ ಅವನ ಸಮರ್ಪಣೆ ಎಂದು ನಾನು ನಂಬುತ್ತೇನೆ.

ಬೆಳಗಾಯಿತು. ಕುಂಟುತ್ತ ಹೊಳೆ ದಾಟಿದ. ಆದಿಕಾಂಡ 33ರ 3ನೆಯ ವಚನ ಚಿಕ್ಕದೊಂದು ವಿವರ ಕೊಡುತ್ತದೆ: ಏಸಾವನನ್ನು ಕಂಡಾಗ ಯಾಕೋಬನು ತಾನೇ ಎಲ್ಲರಿಗಿಂತ ಮುಂದೆ ನಡೆದ. ರಾತ್ರಿಯವರೆಗೆ ಎಲ್ಲರ ಹಿಂದಿದ್ದವನು!

ಕಥೆ ಇಲ್ಲಿಗೇ ನಿಂತಿದ್ದರೆ, ಒಂದು ರಾತ್ರಿಯ ಹೋರಾಟ ಸಾಕು ಎಂದುಕೊಳ್ಳಬಹುದಿತ್ತು. ಆದರೆ ಅದೇ ಅಧ್ಯಾಯದಲ್ಲಿ, ನಿನ್ನ ಹಿಂದೆಯೇ ನಿನ್ನ ನಾಡಾದ ಸೇಯೀರಿಗೆ ಬರುತ್ತೇನೆ ಎಂದು ಅಣ್ಣನಿಗೆ ಹೇಳಿದ ಯಾಕೋಬನು ಸುಕ್ಕೋತಿನ ದಾರಿ ಹಿಡಿದ. ಆ ರಾತ್ರಿ ಇಸ್ರಾಯೇಲನೆಂಬ ಹೊಸ ಹೆಸರು ಬಂದ ಮೇಲೂ ಹಳೆಯ ಚಾಳಿ ಉಳಿದಿತ್ತು. ಬಹಳ ವರ್ಷಗಳ ಮೇಲೆ ಬರಗಾಲ ಬಂದಾಗ, ಕಿರಿಯ ಮಗ ಬೆನ್ಯಾಮೀನನನ್ನು ಐಗುಪ್ತಕ್ಕೆ ಕಳುಹಿಸು ಎಂದು ಮಕ್ಕಳು ಕೇಳಿದರೆ, ನನ್ನ ಮಗ ನಿಮ್ಮ ಸಂಗಡ ಬರಕೂಡದು ಎಂದು ಹಟ ಹಿಡಿದ. ಧಾನ್ಯ ಮುಗಿಯುವವರೆಗೂ ಬಿಡಲಿಲ್ಲ. ಕಡೆಗೆ, ಮಕ್ಕಳನ್ನು ಕಳೆದುಕೊಳ್ಳಬೇಕಾಗಿದ್ದರೆ ಕಳೆದುಕೊಂಡೇನು ಎಂದು ಆ ಮುದುಕ ಮಗನ ಕೈ ಬಿಟ್ಟ. ಯಬ್ಬೋಕಿನ ದಡದಲ್ಲಿ ಒಪ್ಪಿಸಿಕೊಟ್ಟಾಗ ಬೆನ್ಯಾಮೀನನು ಹುಟ್ಟಿರಲೇ ಇಲ್ಲ. ನಮ್ಮ ಬದುಕಿನಲ್ಲೂ ಹೀಗೆಯೇ. ಇಪ್ಪತ್ತರಲ್ಲಿ ಕೊಟ್ಟದ್ದು ಇಪ್ಪತ್ತರಲ್ಲಿ ಇದ್ದದ್ದನ್ನು. ಮಗು ಹುಟ್ಟಿದಾಗ, ಹೆಸರು ಬಂದಾಗ, ಆರೋಗ್ಯ ಕೆಟ್ಟಾಗ ಕೊಡಬೇಕಾದದ್ದು ಹೊಸದಾಗಿ ಕೈಗೆ ಬಂದಿರುತ್ತದೆ. ಅದಕ್ಕೇ ಲೂಕನ ಸುವಾರ್ತೆಯಲ್ಲಿ ಶಿಲುಬೆಯನ್ನು ಹೊರುವ ಮಾತಿನ ಜೊತೆ ‘ದಿನದಿನವೂ’ ಎಂಬ ಪದವಿದೆ.

ಮೆಥೊಡಿಸ್ಟ್ ಪಂಥದ ಸ್ಥಾಪಕ ಜಾನ್ ವೆಸ್ಲಿ 1755ರಲ್ಲಿ ತನ್ನವರಿಗಾಗಿ ಆರಂಭಿಸಿದ, ದೇವರಿಗೆ ಮತ್ತೆ ಒಪ್ಪಿಸಿಕೊಡುವ ಒಡಂಬಡಿಕೆಯ ಆರಾಧನೆಯನ್ನು ಹಲವು ಸಭೆಗಳು ಇಂದಿಗೂ ವರ್ಷದ ಆರಂಭದಲ್ಲಿ ನಡೆಸುವುದು ಇದೇ ಕಾರಣಕ್ಕೆ. ಕಳೆದ ವರ್ಷದ ಸಮರ್ಪಣೆ ಸುಳ್ಳಾಗಿತ್ತೆಂದಲ್ಲ. ಅದರ ಪ್ರಾರ್ಥನೆಯಲ್ಲಿ, ನಿನಗಾಗಿ ನನ್ನನ್ನು ದುಡಿಸು, ಇಲ್ಲವೇ ನಿನಗಾಗಿ ನನ್ನನ್ನು ಬದಿಗಿಡು ಎಂಬ ಅರ್ಥದ ಮಾತು ಬರುತ್ತದೆ. ದುಡಿಸು ಎನ್ನುವುದು ನನಗೆ ಸುಲಭ. ಬದಿಗಿಡು ಎನ್ನುವಲ್ಲಿ ನಾಲಿಗೆ ತಡವರಿಸುತ್ತದೆ.

ಆ ಹುಡುಗಿ ಈಗ ಎದುರಿಗಿದ್ದರೆ ನಾನು ಹೇಳುವುದು ಇಷ್ಟು. ಭಾನುವಾರದ ಕಣ್ಣೀರು ಸುಳ್ಳಾಗಿರಲಿಲ್ಲ, ಅದನ್ನು ಅನುಮಾನಿಸಬೇಡ. ಸೋಮವಾರ ಬೆಳಿಗ್ಗೆ ಎದ್ದಾಗ ‘ಎಲ್ಲವನ್ನೂ ಕೊಡುತ್ತೇನೆ’ ಎನ್ನಬೇಡ. ‘ಎಲ್ಲ’ ಎಂಬುದರ ಹಿಂದೆ ಅಡಗಿಕೊಳ್ಳುವುದು ಬಹಳ ಸುಲಭ. ಇವತ್ತು ನಿನ್ನ ಮುಷ್ಟಿ ಯಾವುದರ ಮೇಲೆ ಬಿಗಿದಿದೆಯೋ ಅದರ ಹೆಸರು ಹೇಳು. ಒಬ್ಬ ವ್ಯಕ್ತಿಯ ಹೆಸರಾಗಿರಬಹುದು, ಒಂದು ಪರೀಕ್ಷೆ, ಒಂದು ಹಳೆಯ ಅವಮಾನ. ಅದು ನಿನಗೆ ಎಷ್ಟು ಬೇಕೆಂಬುದನ್ನು ಮೊದಲು ತಂದೆಗೆ ಹೇಳು. ಆಮೇಲೆ ಅದನ್ನು ಆತನ ಕೈಯಲ್ಲಿಟ್ಟು, ಆ ದಿನ ಮಾಡಬೇಕಾದ ಕೆಲಸಕ್ಕೆ ಹೊರಡು. ಮಧ್ಯಾಹ್ನದ ಹೊತ್ತಿಗೆ ಅದನ್ನು ಮತ್ತೆ ಕೈಗೆತ್ತಿಕೊಂಡಿದ್ದೀಯೆಂದು ಗೊತ್ತಾದರೆ, ನಾಚಿಕೆಯಿಂದ ಓಡಿಹೋಗದೆ, ಮತ್ತೆ ಇಡು. ಯಾವ ಅನಿಸಿಕೆಯೂ ಬರದಿದ್ದರೆ ಬೇಡ. ಮರಿಯಳು ದೇವದೂತನಿಗೆ, ನಾನು ಕರ್ತನ ದಾಸಿ, ನಿನ್ನ ಮಾತಿನಂತೆ ನನಗಾಗಲಿ ಎಂದ ಮರುಗಳಿಗೆಯಲ್ಲಿ ಲೂಕನು ಬರೆದಿರುವುದು ಒಂದೇ ಮಾತು: ದೂತನು ಅವಳ ಬಳಿಯಿಂದ ಹೊರಟುಹೋದನು.

ಯಾಕೋಬನು ಮೊದಲ ಸಲ ಯೊರ್ದನ್ ಹೊಳೆಯನ್ನು ದಾಟಿದಾಗ ಅವನ ಕೈಯಲ್ಲಿದ್ದದ್ದು ಒಂದು ಕೋಲು ಮಾತ್ರ. ಅದನ್ನು ಅವನೇ ಪ್ರಾರ್ಥನೆಯಲ್ಲಿ ನೆನೆದುಕೊಳ್ಳುತ್ತಾನೆ. ಮಂದೆಗಳು ಬಂದವು, ಹೋದವು. ಇಬ್ರಿಯರಿಗೆ ಬರೆದ ಪತ್ರದ 11ನೆಯ ಅಧ್ಯಾಯ ಅವನ ದೀರ್ಘ ಬದುಕಿನಿಂದ ಒಂದೇ ಒಂದು ಗಳಿಗೆಯನ್ನು ಆರಿಸಿಕೊಂಡಿದೆ. ಐಗುಪ್ತದಲ್ಲಿ, ಸಾಯುವ ಕಾಲ. ತನ್ನ ಮಗ ಯೋಸೇಫನ ಮಕ್ಕಳಿಬ್ಬರನ್ನೂ ಮುದುಕ ಆಶೀರ್ವದಿಸುತ್ತಾನೆ. ಹಿಂದೆ ವಂಚಿಸಿ ಪಡೆದಿದ್ದ ಆಶೀರ್ವಾದವನ್ನು ಈಗ ಕೈಯಾರೆ ಹಂಚುತ್ತಾನೆ. ಆಮೇಲೆ ತನ್ನ ಕೋಲಿನ ತುದಿಯ ಮೇಲೆ ಊರಿಕೊಂಡು ದೇವರನ್ನು ಆರಾಧಿಸುತ್ತಾನೆ.